ರಬ್ಬರ್ ಹಾಲಿನ ಒಣಗುವಿಕೆ ಮತ್ತು ಶಿಥಿಲತೆ

ರಬ್ಬರ್ ಹಾಲು ರಬ್ಬರ್ ಮರದ (ಹೆವಿಯ ಬ್ರೆಸಿಲಿಯೆನ್ಸಿಸ್) ತೊಗಟೆಯನ್ನು ಕೆತ್ತಿದಾಗ ಒಸರುವ ಬಿಳಿಯ ದ್ರವ. ಇದರ ತೂಕದಲ್ಲಿ ಶೇ. 30ರಿಂದ 40ರಷ್ಟು ರಬ್ಬರ್ ಇದ್ದು, ಉಳಿದುದು ಬಹುಪಾಲು ನೀರು. ಮರದಿಂದ ಹೊರಬಂದ ಮೇಲೆ ಇದು ಮೂರು ಹಂತಗಳಲ್ಲಿ ಬದಲಾಗುತ್ತದೆ: ಗಂಟೆಗಳಲ್ಲಿ ಹೆಪ್ಪುಗಟ್ಟುತ್ತದೆ, ದಿನಗಳಲ್ಲಿ ಒಣಗುತ್ತದೆ, ತಿಂಗಳು ಅಥವಾ ವರ್ಷಗಳಲ್ಲಿ ಶಿಥಿಲವಾಗುತ್ತದೆ.

ಕೊಡಗಿನಲ್ಲಿ ರಬ್ಬರ್

ಕಾಫಿಗೆ ಹೆಸರಾದ ಕೊಡಗು ಜಿಲ್ಲೆಯಲ್ಲಿ ಸುಳ್ಯ ತಾಲ್ಲೂಕಿಗೆ ಹೊಂದಿಕೊಂಡಿರುವ ಸಂಪಾಜೆ, ಚೆಂಬು, ಪೆರಾಜೆ ಮೊದಲಾದ ಗ್ರಾಮಗಳಲ್ಲಿ ರಬ್ಬರ್ ಬೆಳೆಯಲಾಗುತ್ತದೆ. ಘಟ್ಟದ ತಪ್ಪಲಿನ ಬೆಚ್ಚಗಿನ ಹವೆ ಮರಕ್ಕೆ ಹಿತಕರ. ಆದರೆ ಮುಂಗಾರಿನ ಭಾರಿ ಮಳೆ ಮತ್ತು ತೇವ ಹಾಲಿನ ಸಂಗ್ರಹಕ್ಕೂ ಶೀಟು ಒಣಗಿಸುವುದಕ್ಕೂ ತೊಡಕಾಗುತ್ತವೆ. ಮಳೆಗಾಲದಲ್ಲಿ ಟ್ಯಾಪಿಂಗ್ ಮುಂದುವರಿಸಲು ಕೆತ್ತಿದ ಭಾಗದ ಮೇಲೆ ಪ್ಲಾಸ್ಟಿಕ್ ಹೊದಿಕೆ ಕಟ್ಟುತ್ತಾರೆ.

ಹೆಪ್ಪುಗಟ್ಟುವಿಕೆ

ಹಾಲಿನಲ್ಲಿರುವ ರಬ್ಬರ್ ಕಣಗಳನ್ನು ಪ್ರೋಟೀನ್ ಮತ್ತು ಫಾಸ್ಫೋಲಿಪಿಡ್‌ಗಳ ಪದರ ಆವರಿಸಿರುತ್ತದೆ. ಈ ಪದರದ ಋಣ ವಿದ್ಯುದಾವೇಶದಿಂದ ಕಣಗಳು ಪರಸ್ಪರ ವಿಕರ್ಷಿಸಿ ಬೇರೆಬೇರೆಯಾಗಿ ಉಳಿಯುತ್ತವೆ. ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಆಮ್ಲವಾಗಿ ಪರಿವರ್ತಿಸಿದಾಗ ಆವೇಶ ಕುಗ್ಗಿ, ಕಣಗಳು ಅಂಟಿಕೊಂಡು ಹಾಲು ತಾನಾಗಿ ಹೆಪ್ಪುಗಟ್ಟುತ್ತದೆ. ಹಾಲನ್ನು ದ್ರವರೂಪದಲ್ಲೇ ಉಳಿಸಬೇಕಾದರೆ ಅಮೋನಿಯ ಸೇರಿಸಲಾಗುತ್ತದೆ. ಶೀಟು ತಯಾರಿಸಲು ಸೋಸಿದ ಹಾಲಿಗೆ ನೀರು ಬೆರೆಸಿ, ತಟ್ಟೆಗೆ ಸುರಿದು, ಫಾರ್ಮಿಕ್ ಅಥವಾ ಅಸಿಟಿಕ್ ಆಮ್ಲದಿಂದ ಹೆಪ್ಪುಗಟ್ಟಿಸುತ್ತಾರೆ.

ಒಣಗುವಿಕೆ

ಹೆಪ್ಪುಗಟ್ಟಿದ ರಬ್ಬರನ್ನು ರೋಲರ್‌ಗಳ ನಡುವೆ ಹಾಯಿಸಿ ಸುಮಾರು 3 ಮಿಲಿಮೀಟರ್ ದಪ್ಪದ ಶೀಟು ಮಾಡಲಾಗುತ್ತದೆ. ಕೊನೆಯ ರೋಲರ್ ಮೂಡಿಸುವ ಗೆರೆಗಳು ಮೇಲ್ಮೈಯನ್ನು ಹಿಗ್ಗಿಸಿ ನೀರು ಬೇಗ ಆರಲು ನೆರವಾಗುತ್ತವೆ. ಹಸಿ ಶೀಟಿನೊಳಗಿನ ನೀರು ಬೆಳಕನ್ನು ಚದುರಿಸುವುದರಿಂದ ಅದು ಬೆಳ್ಳಗೆ ಕಾಣುತ್ತದೆ. ನೀರು ಹೋದಂತೆ ಶೀಟು ಪಾರಭಾಸಕವಾಗಿ, ಜೇನಿನಂಥ ಕಂದುಬಣ್ಣ ತಳೆಯುತ್ತದೆ. ಒಳಗೆ ಉಳಿದ ಬಿಳಿ ಮಚ್ಚೆಗಳು ಶೀಟು ಪೂರ್ತಿ ಒಣಗಿಲ್ಲ ಎಂಬುದರ ಗುರುತು.

ಹೊಗೆಗೂಡಿನಲ್ಲಿ ಸುಮಾರು 40ರಿಂದ 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲವು ದಿನ ಇಟ್ಟು ಒಣಗಿಸುವುದು ವಾಡಿಕೆ. ಶಾಖ ಅತಿಯಾದರೆ ಶೀಟಿನಲ್ಲಿ ಗುಳ್ಳೆ ಏಳುತ್ತದೆ. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಹೊಗೆಯಲ್ಲಿರುವ ಫೀನಾಲ್‌ಗಳಂತಹ ಸಂಯುಕ್ತಗಳು ಬೂಷ್ಟನ್ನು ತಡೆಯುತ್ತವೆ. ಹೊಗೆ ಹಾಕಿದ ಶೀಟುಗಳನ್ನು ಆರ್‌ಎಸ್‌ಎಸ್ 1ರಿಂದ 5ರವರೆಗೆ ವರ್ಗೀಕರಿಸಲಾಗುತ್ತದೆ. ಬೂಷ್ಟು, ಗುಳ್ಳೆ ಮತ್ತು ಕಸ ದರ್ಜೆಯನ್ನು ತಗ್ಗಿಸುವುದರಿಂದ, ಮಳೆಗಾಲದ ಒಣಗಿಸುವಿಕೆ ಬೆಳೆಗಾರನಿಗೆ ಸಿಗುವ ಬೆಲೆಯನ್ನು ನೇರವಾಗಿ ತಟ್ಟುತ್ತದೆ.

ಶಿಥಿಲತೆ

ರಬ್ಬರ್ ಮೂಲತಃ ಐಸೊಪ್ರೀನ್ ಘಟಕಗಳ ಉದ್ದನೆಯ ಸರಪಳಿ. ಪ್ರತಿ ಘಟಕದಲ್ಲಿಯೂ ಒಂದು ದ್ವಿಬಂಧವಿದೆ. ಗಂಧಕದೊಡನೆ ಕಾಯಿಸಿ ರಬ್ಬರನ್ನು ಗಟ್ಟಿಗೊಳಿಸುವ ವಲ್ಕನೀಕರಣ ಸಾಧ್ಯವಾಗುವುದು ಈ ದ್ವಿಬಂಧಗಳಿಂದ. ಗಾಳಿಯ ಆಮ್ಲಜನಕ ದಾಳಿ ಮಾಡುವುದೂ ಇವುಗಳ ಆಸುಪಾಸಿನಲ್ಲೇ. ಸರಪಳಿಗಳು ತುಂಡಾದರೆ ರಬ್ಬರ್ ಮೆತ್ತಗಾಗಿ ಅಂಟುತ್ತದೆ. ಅವುಗಳ ನಡುವೆ ಹೊಸ ಅಡ್ಡಬಂಧಗಳು ಹೆಚ್ಚಿದರೆ ಗಡುಸಾಗಿ ಬಿರಿಯುತ್ತದೆ. ಹಿಗ್ಗಿಸಿಟ್ಟ ರಬ್ಬರಿನಲ್ಲಿ ಓಝೋನ್ ಬಿರುಕುಗಳನ್ನು ಉಂಟುಮಾಡುತ್ತದೆ.

ಬಿಸಿಲು, ಶಾಖ ಹಾಗೂ ತಾಮ್ರ, ಮ್ಯಾಂಗನೀಸ್‌ನ ಅಂಶಗಳು ಉತ್ಕರ್ಷಣವನ್ನು ತ್ವರಿತಗೊಳಿಸುತ್ತವೆ. ಆದ್ದರಿಂದ ಹಾಲಿಗೆ ತಾಮ್ರ ಅಥವಾ ಹಿತ್ತಾಳೆಯ ಪಾತ್ರೆಗಳನ್ನು ಬಳಸುವುದಿಲ್ಲ. ಒಣಗಿದ ಶೀಟುಗಳನ್ನು ನೇರ ಬಿಸಿಲಿಗೆ ಒಡ್ಡದೆ, ತೇವವಿಲ್ಲದ ಜಾಗದಲ್ಲಿ ಶೇಖರಿಸಲಾಗುತ್ತದೆ.