ಕಳೆಗಿಡ ಕುರ್ಚಿ ಆದದ್ದು

ನಮ್ಮ ಮೆಟ್ರಿ ಕಡೆ ಹಿರಿಯರು ಸೊಟ್ಟ ಕರಿಜಾಲಿ ಕೊಂಬೆ ಕಂಡ್ರೆ ಅದನ್ನ ನೆಟ್ಟಗೆ ಮಾಡೋಕೆ ಹೋಗ್ತಿರಲಿಲ್ಲ. ಆ ಸೊಟ್ಟಿನಾಗೇ ನೇಗಿಲು ನೋಡ್ತಿದ್ರು. ಅಂಥದ್ದೇ ಬುದ್ಧಿ ಚಾಮರಾಜನಗರ ಜಿಲ್ಲೆ ಮಲೆ ಮಹದೇಶ್ವರ ಬೆಟ್ಟದಾಗ ಒಂದು ಕಳೆಗಿಡವನ್ನ ಕುರ್ಚಿ ಮಾಡೈತಿ.

ಆ ಗಿಡ ಲಂಟಾನ. ಮೂಲ ಅಮೆರಿಕದ ಕಡೆ. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಹೂವಿನ ಚೆಂದಕ್ಕೆ ಕಲ್ಕತ್ತಾದ ಸಸ್ಯತೋಟಕ್ಕೆ ತಂದರು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಎಲೆ ದನಕ್ಕೆ ವಿಷ, ಪೊದೆ ಕೆಳಗ ಹುಲ್ಲೂ ಏಳಲ್ಲ. ಹಿಂದೆ ತರಗೆಲೆಗೆ ಸಣ್ಣ ಬೆಂಕಿ ಹಾಕ್ತಿದ್ವಿ, ಅದು ನಿಂತ ಮೇಲೆ ಲಂಟಾನ ಹೆಚ್ಚಿತು ಅಂತಾರೆ ಸೋಲಿಗರು.

ಬಿದಿರು ಹೆಣೆಯೋರಿಗೆ ಬಿದಿರು ಸಿಗೋದೂ ಕಷ್ಟ ಆಯ್ತು. 2004ರ ಸುಮಾರಿಗೆ ಬೆಂಗಳೂರಿನ ಏಟ್ರೀ ಸಂಸ್ಥೆ ಅಲ್ಲಿನ ಸೋಲಿಗರು, ಕೊರವರ ಜೊತೆ ಲಂಟಾನ ಕೆಲಸ ಶುರು ಮಾಡಿತು. ಕೋಲು ಕಡಿದು ನೀರಾಗ ಕುದಿಸಬೇಕು. ತೊಗಟೆ ಸಲೀಸಾಗಿ ಬಿಡ್ತೈತಿ, ಕೋಲು ಮೆತ್ತಗಾಗ್ತೈತಿ. ಬಿಸಿ ಆರೋದ್ರೊಳಗ ಬಗ್ಗಿಸಿ, ಮೊಳೆ ಹೊಡೆದು ಕಟ್ಟಬೇಕು. ಕುರ್ಚಿ, ಮೇಜು, ಬುಟ್ಟಿ ಎಲ್ಲಾ ಆಗ್ತಾವ. ನೋಡೋಕೆ ಬೆತ್ತದ್ದೇ ಅನಿಸ್ತೈತಿ, ಖರ್ಚು ಕಡಿಮೆ.

ಕುರ್ಚಿ ಮಾಡಿ ಕಾಡಿನ ಲಂಟಾನ ಮುಗಿಸೋಕೆ ಆಗಲ್ಲ. ಬುಡ ಬಿಟ್ಟು ಕಡಿದರೆ ಮತ್ತೆ ಚಿಗುರ್ತೈತಿ. ಉಳಿದದ್ದು ಕಾಡಲ್ಲ, ಕಸುಬು. ಹೆಣೆಯೋ ಕೈಗೆ ಮಾಲು ತಪ್ಪಿದರೆ ಮಕ್ಕಳು ಕಲಿಯಲ್ಲ, ಒಂದೇ ತಲೆಮಾರಿಗೆ ವಿದ್ಯೆ ಹೋಗ್ತೈತಿ. ನಮ್ಮ ಕಡೆ ಪ್ಲಾಸ್ಟಿಕ್ ಪುಟ್ಟಿ ಬಂದು ಬಿದಿರು ಪುಟ್ಟಿಗೆ ಆದದ್ದು ನೀವೇ ನೋಡೀರಿ.

ನಮ್ಮೂರ ಹೆಸರು ಹೊತ್ತ ಬಳ್ಳಾರಿ ಜಾಲಿನೂ ಅಮೆರಿಕದಿಂದ ಬಂದದ್ದೇ. ಕಟ್ಟಿಗೆ ಗಟ್ಟಿ. ನಾವು ಮಾತ್ರ ಅದನ್ನ ಒಲಿಗೆ, ಇದ್ದಿಲಿಗೆ ಬಿಟ್ಟು ಬೇರೆ ಯಾವುದಕ್ಕೂ ಕೇಳಿಲ್ಲ. ಬಡಿಗ್ಯಾರು ಯಾರಾದರೂ ಅದರಾಗ ಸ್ಟೂಲು, ಬೆಂಚು ಮಾಡಿದ್ರೆ ಫೋಟೋ ಹಾಕ್ರಿ.