ಕೀಲೆಣ್ಣೆಯ ಗಾಡಿ, ಕಂಪ್ರೆಸರಿನ ವ್ಯಾನು

ಮಾಲೇಕಲ್ಲು ತಿರುಪತಿಯ ತೇರು ಆಷಾಢದಲ್ಲಿ, ಬೇಲೂರು ಚೆನ್ನಕೇಶವನ ತೇರು ಚೈತ್ರದಲ್ಲಿ. ಒಂದಕ್ಕೆ ಗಾಳಿಮಳೆ, ಇನ್ನೊಂದಕ್ಕೆ ನೆತ್ತಿ ಸುಡುವ ಬಿಸಿಲು. ಅರಸೀಕೆರೆಯ ಮಗ್ಗುಲಿನ ಬೆಟ್ಟವನ್ನೇರಿ ಲಕ್ಷ್ಮೀ ವೆಂಕಟರಮಣನಿಗೆ ಕೈಮುಗಿಯಲು ಬರುತ್ತಿದ್ದ ಒಕ್ಕಲು ಮಕ್ಕಳಿಗೆ, ಬಸ್ಸಿಲ್ಲದ ಕಾಲದಲ್ಲಿ, ಎರಡೂ ಹವೆಯನ್ನು ತಡೆದುಕೊಳ್ಳುವ ಒಂದೇ ವಾಹನವಿತ್ತು: ಕಮಾನು ಗಾಡಿ. ದಾರಿಯಲ್ಲಿ ಅದು ಸವಾರಿ; ಎತ್ತು ಬಿಚ್ಚಿದ ಮೇಲೆ ಅದೇ ಮನೆ. ಮೇಲೆ ಹೆಂಗಸರು ಮಕ್ಕಳು ಮಲಗಿದರೆ, ಗಂಡಸರಿಗೆ ಅಚ್ಚಿನ ಅಡಿಯ ಜಾಗ. ಮೂರು ಕಲ್ಲು ಹೂಡಿದರೆ ಒಲೆ. ಇಂದು ಕ್ಯಾರವಾನ್ ಎಂದು ಕರೆಯುವ ವಾಹನದ ಕೆಲಸವನ್ನೆಲ್ಲ ಅದು ಮಾಡುತ್ತಿತ್ತು.

ಕ್ಯಾರವಾನಿನವರು ಈಗ ಹೇಳಿಕೊಳ್ಳುವ ಎರಡು ತಾಪತ್ರಯಗಳೂ ಗಾಡಿಯ ಕಾಲದವೇ. ಒಂದು ಸದ್ದು, ಇನ್ನೊಂದು ಸೆಕೆ.

ಗಾಡಿಯ ಸದ್ದು ಹುಟ್ಟುತ್ತಿದ್ದುದು ಅಚ್ಚಿನಲ್ಲಿ. ಗುಂಬದೊಳಗೆ ಒಣ ಅಚ್ಚು ತಿರುಗಿದರೆ ಆಗುವ ಕಿರುಗುಟ್ಟುವಿಕೆ ಹರದಾರಿ ದೂರಕ್ಕೆ ಕೇಳುತ್ತಿತ್ತು. ಅದಕ್ಕೆ ಮದ್ದು ಕೀಲೆಣ್ಣೆ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಬಿದಿರಿನ ಕೊಳವೆಯಲ್ಲಿ ತುಂಬಿ ಗಾಡಿಯ ಅಡಿಗೆ ನೇತುಹಾಕುತ್ತಿದ್ದರು. ಎಣ್ಣೆ ಸವೆತ ತಪ್ಪಿಸಿದರೆ ಕರಿ ಜಾರಿಕೆ ಕೊಡುತ್ತಿತ್ತು. ಇನ್ನೊಂದು ಸದ್ದು ಕಬ್ಬಿಣದ ಪಟ್ಟಾ ಕಲ್ಲಿಗೆ ಬಡಿಯುವುದು. ಅದು ಎಣ್ಣೆಗೆ ಬಗ್ಗುವುದಲ್ಲ. ಗಾಡಿಯ ತಳದಲ್ಲಿ ಮೊಣಕಾಲುದ್ದ ಹುಲ್ಲು ಹರಡಿ, ಮೇಲೆ ಜಮಖಾನ ಹಾಸಿದರೆ ಕುಲುಕಾಟವೂ ಸದ್ದೂ ಅರ್ಧಕ್ಕಿಳಿಯುತ್ತಿದ್ದವು. ಎತ್ತಿಗೆ ಮೇವೂ ಆಯಿತು.

ಸೆಕೆಗೆ ಉತ್ತರ ಕಮಾನಿನಲ್ಲಿತ್ತು. ಬಿದಿರಿನ ದಬ್ಬೆ ಬಾಗಿಸಿ ಕಟ್ಟಿ, ಮೇಲೆ ಬಿದಿರು ತಟ್ಟಿಯನ್ನೋ ಈಚಲ ಚಾಪೆಯನ್ನೋ ಹೊದಿಸುತ್ತಿದ್ದರು. ಮಳೆಗಾಲವಾದರೆ ಅದರ ಮೇಲೊಂದು ಕಂಬಳಿ. ತಟ್ಟಿಯ ಹೆಣಿಗೆಯಲ್ಲಿ, ಕಂಬಳಿಯ ಉಣ್ಣೆಯಲ್ಲಿ ಸಿಕ್ಕಿಬಿದ್ದ ಗಾಳಿಯೇ ಶಾಖವನ್ನು ತಡೆಯುವುದು. ಹಳೇಬೀಡಿನ ಹೊಯ್ಸಳೇಶ್ವರನ ಗುಡಿಯೊಳಗೆ ನಡುಮಧ್ಯಾಹ್ನ ತಂಪಾಗಿರುವುದಕ್ಕೆ ಕಾರಣ ಬೇರೆ. ಅಲ್ಲಿ ಗೋಡೆಯ ಕಲ್ಲು ಶಾಖವನ್ನು ತಡೆಯುವುದಿಲ್ಲ, ನುಂಗಿಕೊಂಡು ತಡಮಾಡುತ್ತದೆ. ಗಾಡಿಗೆ ಅಷ್ಟು ಭಾರ ಹೊರುವ ಶಕ್ತಿಯಿಲ್ಲ. ಹಾಗಾಗಿ ಹಗುರವಾದ, ಒಳಗೆ ಗಾಳಿ ತುಂಬಿದ ಹೊದಿಕೆಯೇ ಗತಿ. ಮುಂದೆ ಬಂದ ಎಲ್ಲ ಪ್ರಯಾಣದ ವಾಹನಗಳಿಗೂ ಇದೇ ಲೆಕ್ಕ ಅನ್ವಯಿಸಿತು.

ಗಾಡಿಯ ಫ್ರಿಜ್ಜು ಎಂದರೆ ನೀರಿನ ಹೂಜಿ. ಹಿತ್ತಾಳೆಯ ತಿರುಪಿನ ಕೂಜವಾದರೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಕಟ್ಟುತ್ತಿದ್ದರು. ಒಂದು ಕಿಲೋ ನೀರು ಆವಿಯಾಗುವಾಗ ಹೀರುವ ಶಾಖ, ಏಳು ಕಿಲೋ ಮಂಜುಗಡ್ಡೆ ಕರಗಲು ಬೇಕಾಗುವ ಶಾಖಕ್ಕೆ ಸಮ. ಅಷ್ಟು ಬಲವಾದ ಯಂತ್ರಕ್ಕೆ ಚೂರೂ ಸದ್ದಿಲ್ಲ. ಆದರೆ ಅದು ಗಾಳಿ ಒಣಗಿದ್ದರೆ ಮಾತ್ರ ನಡೆಯುತ್ತದೆ. ಮಳೆನೆರಳಿನ ಅರಸೀಕೆರೆಯ ಬೇಸಿಗೆಯಲ್ಲಿ ಹೂಜಿ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗುತ್ತಿತ್ತು. ಮಲೆನಾಡ ಸೆರಗಿನ ಬೇಲೂರಿನಲ್ಲಿ, ಅದೂ ಶ್ರಾವಣದಲ್ಲಿ, ಅದೇ ಹೂಜಿ ಸುಮ್ಮನೆ ಬೆವರುತ್ತ ಕೂರುತ್ತಿತ್ತು.

ಗಾಳಿಯ ಹಂಗಿಲ್ಲದ ತಂಪು ಈ ದೇಶಕ್ಕೆ ಬಂದದ್ದು ಹಡಗಿನಲ್ಲಿ. 1833ರ ಮೇ ತಿಂಗಳಲ್ಲಿ ಬಾಸ್ಟನ್ ಬಿಟ್ಟ ‘ಟಸ್ಕನಿ’ ಹಡಗಿನಲ್ಲಿ ಫ್ರೆಡರಿಕ್ ಟ್ಯೂಡರನ ಸುಮಾರು 180 ಟನ್ ಮಂಜುಗಡ್ಡೆಯಿತ್ತು. ನಾಲ್ಕು ತಿಂಗಳು ಕಳೆದು ಕಲ್ಕತ್ತ ಮುಟ್ಟಿದಾಗ ಅದರಲ್ಲಿ ಅರ್ಧಕ್ಕೂ ಮಿಕ್ಕಿ ಉಳಿದಿತ್ತು. ಭೂಮಧ್ಯರೇಖೆಯನ್ನು ಎರಡು ಸಲ ದಾಟಿಯೂ ಅದು ಉಳಿದದ್ದು ಮರದ ಹೊಟ್ಟು, ಹುಲ್ಲುಗಳ ದಪ್ಪ ಹೊದಿಕೆಯಿಂದ. ಗಾಡಿಯವನು ತಳಕ್ಕೆ ಹಾಸುತ್ತಿದ್ದ ಹುಲ್ಲೇ ಅಲ್ಲಿ ಲಕ್ಷಾಂತರ ರೂಪಾಯಿಯ ವ್ಯಾಪಾರವನ್ನು ಹೊತ್ತಿತ್ತು. ಆ ಮಂಜಿಗೆಂದು ಮದರಾಸಿನ ಕಡಲ ತೀರದಲ್ಲಿ ಕಟ್ಟಿದ ಐಸ್ ಹೌಸಿನಲ್ಲೇ 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದು.

ರೈಲು ಬಂದ ಮೇಲೆ ಅರಸೀಕೆರೆ ಜಂಕ್ಷನ್ ಆಯಿತು. ಮೂರನೇ ದರ್ಜೆಯವರು ಕಿಟಕಿಗೆ ಕ್ಯಾನ್ವಾಸಿನ ನೀರಿನ ಚೀಲ ನೇತುಹಾಕಿದರು. ಉಳ್ಳವರ ಡಬ್ಬಿಗೆ ಲಾವಂಚದ ತಟ್ಟಿ ಬಂತು. 1934ರಲ್ಲಿ ಮುಂಬಯಿ–ಪೇಷಾವರ ನಡುವಿನ ಫ್ರಂಟಿಯರ್ ಮೇಲ್ ಗಾಡಿಯಲ್ಲಿ ಡಬ್ಬಿಯ ನೆಲದಡಿ ಮಂಜುಗಡ್ಡೆ ತುಂಬಿ, ಅದರ ಮೇಲೆ ಹಾಯಿಸಿದ ಗಾಳಿಯನ್ನು ಒಳಗೆ ಬಿಡುವ ಏರ್ಪಾಡು ಮಾಡಿದರು. ನಿಲ್ದಾಣ ನಿಲ್ದಾಣದಲ್ಲಿ ಮಂಜು ತುಂಬಬೇಕಾಗಿತ್ತು. ತಂಪಿನ ಜೊತೆಗೆ ಫ್ಯಾನಿನ ಸದ್ದೂ ಪ್ರಯಾಣಿಕರ ಸಂಗಡ ಹತ್ತಿಕೊಂಡಿತು.

ಅಷ್ಟರಲ್ಲಿ ಸ್ವೀಡನ್ನಿನಲ್ಲಿ ಇನ್ನೊಂದು ದಾರಿ ತೆರೆದಿತ್ತು. 1922ರಲ್ಲಿ ಸ್ಟಾಕ್‌ಹೋಮಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್‌ಜಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಅಲುಗಾಡುವ ಒಂದೇ ಒಂದು ಭಾಗವಿಲ್ಲದ ಫ್ರಿಜ್ ರೂಪಿಸಿದರು. ಅಮೋನಿಯಾ, ನೀರು, ಜಲಜನಕ ಮೂರನ್ನೂ ಕೊಳವೆಯೊಳಗೆ ಮುಚ್ಚಿ, ಕೆಳಗೊಂದು ದೀಪ ಹಚ್ಚಿದರೆ ಸಾಕು. ಬೆಂಕಿಯೇ ತಂಪು ಹುಟ್ಟಿಸುತ್ತಿತ್ತು. ಎಲೆಕ್ಟ್ರೊಲಕ್ಸ್ ಕಂಪನಿ 1925ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ವಿದ್ಯುತ್ ತಂತಿ ತಲುಪದ ಕಾಫಿ ತೋಟದ ಬಂಗಲೆಗಳಿಗೆ, ಲಸಿಕೆ ಕಾಪಾಡಬೇಕಾದ ಆಸ್ಪತ್ರೆಗಳಿಗೆ ಸೀಮೆಎಣ್ಣೆ ಫ್ರಿಜ್ ಆಗಿ ಬಂದದ್ದು ಇದೇ. ಪಶ್ಚಿಮದ ಕ್ಯಾರವಾನುಗಳಲ್ಲಿ ಗ್ಯಾಸಿನಿಂದ ನಡೆಯುವ ಇದರ ರೂಪ ದಶಕಗಳ ಕಾಲ ಮೆರೆಯಿತು. ಕಿವಿಗೆ ಕೇಳದ ಈ ಫ್ರಿಜ್ಜಿಗೆ ಒಂದೇ ಹಠ: ವಾಹನ ಮಟ್ಟಸವಾಗಿ ನಿಲ್ಲಬೇಕು. ವಾಲಿದರೆ ಕೊಳವೆಯೊಳಗಿನ ದ್ರವ ಹರಿಯುವುದಿಲ್ಲ, ತಂಪೂ ನಿಲ್ಲುತ್ತದೆ. ಬೆಟ್ಟದ ಬುಡದಲ್ಲಿ ಅಂಥ ಜಾಗ ಹುಡುಕುವುದೇ ಒಂದು ಕೆಲಸ.

ಕಂಪ್ರೆಸರ್ ಫ್ರಿಜ್ಜಿಗೆ ಆ ಹಠವಿಲ್ಲ. ಗೋದ್ರೆಜ್ 1958ರಲ್ಲಿ ಭಾರತದಲ್ಲೇ ತಯಾರಾದ ಫ್ರಿಜ್ಜನ್ನು ಹೊರತಂದ ಮೇಲೆ ಮನೆಗಳಿಗೆ ಬಂದದ್ದು ಕಂಪ್ರೆಸರಿನ ಗುಂಯ್‌ಗುಟ್ಟುವಿಕೆ. ಅಡುಗೆಮನೆಯ ಮೂಲೆಯಲ್ಲಿ ಅದನ್ನು ಯಾರೂ ಲೆಕ್ಕಕ್ಕಿಡಲಿಲ್ಲ.

ಗಾಡಿಯ ಕತೆ ಅಲ್ಲಿಗೆ ಮುಗಿಯಲಿಲ್ಲ. ಕಬ್ಬಿಣದ ಪಟ್ಟಾ ಹೋಗಿ ಗಾಳಿ ತುಂಬಿದ ರಬ್ಬರ್ ಚಕ್ರ ಬಂತು. ಟೈರ್ ಗಾಡಿಯ ಬೇರಿಂಗಿಗೆ ಗ್ರೀಸು ಬಂದು ಕೀಲೆಣ್ಣೆಯ ಕೊಳವೆ ಮೂಲೆ ಸೇರಿತು. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕ ಎನ್. ಎಸ್. ರಾಮಸ್ವಾಮಿ ಎತ್ತಿನ ಗಾಡಿಯ ಸುಧಾರಣೆಯನ್ನು ಮ್ಯಾನೇಜ್‌ಮೆಂಟ್ ವಿಷಯವನ್ನಾಗಿಯೇ ಕೈಗೆತ್ತಿಕೊಂಡು, ‘ಕಾರ್ಟ್‌ಮನ್’ ಸಂಸ್ಥೆಯನ್ನೂ ಕಟ್ಟಿದರು. ಗಾಡಿ ಹಗುರವಾದರೆ, ಉಜ್ಜಾಟ ಕಡಿಮೆಯಾದರೆ ಎತ್ತಿನ ಹೆಗಲು ಉಳಿಯುತ್ತದೆ ಎಂಬುದು ಅವರ ವಾದ.

ಈಗ ವ್ಯಾನಿನ ಸರದಿ. ಬೇಲೂರಿನ ಮಯೂರ ವೇಲಾಪುರಿ, ಹಳೇಬೀಡಿನ ಮಯೂರ ಶಾಂತಲಾ ಹೋಟೆಲುಗಳ ಹಾದಿಯಲ್ಲೇ, ಹಾಸಿಗೆ ಒಲೆ ಫ್ರಿಜ್ಜುಗಳನ್ನು ಹೊತ್ತ ವಾಹನಗಳೂ ಓಡಾಡುತ್ತಿವೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಈ ರಸ್ತೆಗೆ ಮೆರುಗು ಹೆಚ್ಚಿದೆ. ಆದರೆ ರಾತ್ರಿ ದೀಪ ಆರಿಸಿದ ಮೇಲೆ, ತಲೆದಿಂಬಿನಿಂದ ಮೂರಡಿ ದೂರದಲ್ಲಿ ಕಂಪ್ರೆಸರ್ ನಿಮಿಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದರ ನಡುಕವನ್ನು ಹಲಗೆಯ ನೆಲ, ತಗಡಿನ ಗೋಡೆಗಳು ಮದ್ದಲೆಯ ಹಾಗೆ ಎತ್ತಿ ಬಾರಿಸುತ್ತವೆ.

ಮೊದಲ ಚಿಕಿತ್ಸೆ ಎಲ್ಲರಿಗೂ ಹೊಳೆಯುವಂಥದು: ಫ್ರಿಜ್ಜಿನ ಕಾಲಿಗೆ ರಬ್ಬರು, ಅಡಿಗೆ ನಾರಿನ ಚಾಪೆ, ಗೋಡೆಗೆ ತಾಗದಂತೆ ಸುತ್ತ ಒಂದಿಷ್ಟು ಸಂದು. ಇದರಿಂದ ನಡುಕ ನೆಲಕ್ಕೆ ದಾಟುವುದು ತಗ್ಗುತ್ತದೆ. ಆದರೆ ಸದ್ದಾಗುವ ಹೊತ್ತು ತಗ್ಗುವುದಿಲ್ಲ. ಅದನ್ನು ನಿರ್ಧರಿಸುವುದು ಶಾಖ. ಫ್ರಿಜ್ಜಿನ ಪೆಟ್ಟಿಗೆಯೊಳಗೆ, ವ್ಯಾನಿನೊಳಗೆ ಎಷ್ಟು ಶಾಖ ಸೋರಿ ಬರುತ್ತದೋ ಅಷ್ಟು ಹೊತ್ತು ಕಂಪ್ರೆಸರ್ ದುಡಿಯಬೇಕು. ಸದ್ದಿನ ಮದ್ದು ಹೊದಿಕೆಯಲ್ಲಿದೆ.

ಉಕ್ಕಿನ ತಗಡು ತೆಂಗಿನ ನಾರಿಗಿಂತ ಸುಮಾರು ಸಾವಿರ ಪಟ್ಟು ಸಲೀಸಾಗಿ ಶಾಖವನ್ನು ದಾಟಿಸುತ್ತದೆ. ಥರ್ಮೋಕೋಲ್ ನಾರಿಗಿಂತ ಕೊಂಚ ವಾಸಿ. 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಕಂಡುಹಿಡಿದ ಪಾಲಿಯುರೆಥೇನಿನ ಫೋಮು ಇನ್ನೂ ವಾಸಿ. ಯಾವುದೇ ಆಗಲಿ, ದಪ್ಪ ಎರಡರಷ್ಟಾದರೆ ಸೋರಿಕೆ ಅರ್ಧ. ತಗಡಿನ ಪಕ್ಕೆಲುಬುಗಳನ್ನು ಮುಚ್ಚದೆ ನಡುವಿನ ಸಂದಿಗಷ್ಟೇ ಫೋಮು ತುಂಬಿದರೆ ಶಾಖ ಆ ಪಕ್ಕೆಲುಬುಗಳ ಮೂಲಕವೇ ಒಳದಾರಿ ಹಿಡಿಯುತ್ತದೆ. ಫ್ರಿಜ್ಜಿನ ಹಿಂಬದಿಯನ್ನು ಮಾತ್ರ ಯಾವತ್ತೂ ಮುಚ್ಚಬಾರದು; ಕೆಳಗೊಂದು ಜಾಲರಿ, ಮೇಲೊಂದು ಕಿಂಡಿ ಇದ್ದರೆ ಬಿಸಿಗಾಳಿ ತಾನಾಗಿ ಮೇಲೇರಿ ಹೋಗುತ್ತದೆ. ಸದ್ದಡಗಿಸಲು ಹಿಂಬದಿಗೆ ಸ್ಪಂಜು ತುರುಕಿದರೆ ಯಂತ್ರ ಬಿಸಿಯೇರಿ ಇನ್ನಷ್ಟು ಹೊತ್ತು ಅರಚುತ್ತದೆ.

ಅರಸೀಕೆರೆ–ತಿಪಟೂರಿನ ತೆಂಗಿನ ಸೀಮೆಗೆ ನಾರೇನೂ ಹೊಸದಲ್ಲ. ಅಲ್ಲಿನ ಸಿಪ್ಪೆಯ ನಾರು ಹಗ್ಗವಾಗಿ, ರಬ್ಬರ್ ಬೆರೆತ ಹಾಸಿಗೆಯಾಗಿ ಹೊರಡುತ್ತದೆ. ಶಾಖ ತಡೆಯುವುದರಲ್ಲಿ ಫೋಮಿಗಿಂತ ಹಿಂದಾದರೂ ಸದ್ದು ಹೀರುವುದರಲ್ಲಿ ಅದು ಗಟ್ಟಿಗ. ಗೋಡೆಗೆ ಫೋಮು, ಫ್ರಿಜ್ಜಿನ ಅಡಿಗೆ ನಾರು ಎಂದು ಕೆಲಸ ಹಂಚಿಕೊಟ್ಟರೆ ಎರಡಕ್ಕೂ ನ್ಯಾಯ.

ಲೆಕ್ಕ ಬ್ಯಾಟರಿಯಲ್ಲಿ ಕಾಣಿಸುತ್ತದೆ. 45 ವ್ಯಾಟಿನ ಫ್ರಿಜ್ಜು ದಿನಕ್ಕೆ ಎಂಟು ಗಂಟೆ ಓಡಿದರೆ 12 ವೋಲ್ಟಿನ ಬ್ಯಾಟರಿಯಿಂದ 30 ಆಂಪಿಯರ್-ಗಂಟೆ ತಿನ್ನುತ್ತದೆ. ಹೊದಿಕೆ ಸರಿಯಾಗಿ ಅದು ನಾಲ್ಕೇ ಗಂಟೆ ಓಡಿದರೆ 15. ನೂರು ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸುವವರಿಗೆ ಮೊದಲನೆಯದು ಒಂದೂವರೆ ದಿನಕ್ಕೆ, ಎರಡನೆಯದು ಮೂರು ದಿನಕ್ಕೆ ಬರುತ್ತದೆ. ಸೋಲಾರ್ ಫಲಕಕ್ಕೆ ಬಿಸಿಲೇ ಕಾಣದ ಆಷಾಢದಲ್ಲಿ ಮಾಲೇಕಲ್ಲಿನ ತೇರು ನೋಡಿ, ಅಲ್ಲಿಂದ ಹಳೇಬೀಡು, ಬೇಲೂರು ಮುಗಿಸಿ ಬರಲು ಆ ಮೂರು ದಿನ ಸಾಕು.