ರೂಟರ್ ಮೇಜಿಗೆ ಮರೀನ್ ಪ್ಲೈವುಡ್ ಹಾಕಿದರೆ ಸಾಕೇ?

ಸಾರಾಂಶ

"ಮರೀನ್ ಪ್ಲೈವುಡ್ ತಂದು ಮೇಲೆ ಸನ್‌ಮೈಕಾ ಅಂಟಿಸಿ, ಜೀವಮಾನ ಬಾಳುತ್ತದೆ." ಮನೆಯಲ್ಲೇ ರೂಟರ್ ಮೇಜು ಮಾಡುವವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಇದು. ಇದು ಅರ್ಧ ಮಾತ್ರ ಸರಿ. ಸನ್‌ಮೈಕಾ ಒಳ್ಳೆಯ ಆಯ್ಕೆಯೇ. ಆದರೆ ಒಂದೇ ಬದಿಗೆ ಅಂಟಿಸಿದರೆ ಹಲಗೆ ಬಾಗಬಹುದು. ಈ ಮೇಜಿಗೆ ನೀರು ತಡೆಯುವುದಕ್ಕಿಂತ ಸಮತಟ್ಟಾಗಿ ಉಳಿಯುವುದು ಮುಖ್ಯ.

ರೂಟರ್ ಮೇಜು ಎಂದರೇನು?

ಇದು ವೈಫೈ ರೂಟರ್ ಅಲ್ಲ. ಮರದ ಅಂಚಿಗೆ ಆಕಾರ ಕೊಡುವ, ತೋಡು ಕೊರೆಯುವ ವಿದ್ಯುತ್ ಯಂತ್ರ. ಅದನ್ನು ಮೇಜಿನ ಅಡಿಯಲ್ಲಿ ತಲೆಕೆಳಗಾಗಿ ಬಿಗಿದು, ಬಿಟ್ ಮಾತ್ರ ರಂಧ್ರದಿಂದ ಮೇಲೆ ಬರುವಂತೆ ಮಾಡುತ್ತಾರೆ. ನಂತರ ಮರವನ್ನು ಮೇಜಿನ ಮೇಲೆ ಜಾರಿಸುತ್ತಾ ಕೆಲಸ ಮಾಡುತ್ತಾರೆ.

ಬಿಟ್ ಸಾಮಾನ್ಯವಾಗಿ ನಿಮಿಷಕ್ಕೆ 10,000ದಿಂದ 30,000 ಸುತ್ತು ತಿರುಗುತ್ತದೆ. ಮೇಜು ತಗ್ಗಿದ್ದರೆ ತೋಡಿನ ಆಳ ಒಂದೇ ಸಮ ಬರುವುದಿಲ್ಲ. ಮರ ಅಲುಗಿ ಬಿಟ್‌ಗೆ ಸಿಕ್ಕಿಕೊಂಡರೆ ಕೈಯಿಂದ ಕಿತ್ತು ಹಾರಬಹುದು, ಬೆರಳಿಗೂ ಪೆಟ್ಟಾಗಬಹುದು.

ಮರೀನ್ ಪ್ಲೈವುಡ್ ಬಾಗುವುದಿಲ್ಲವೇ?

ಬಾಗಬಹುದು. ಭಾರತದಲ್ಲಿ ಮರೀನ್ ಪ್ಲೈವುಡ್‌ನ ಮಾನದಂಡ ಐಎಸ್ 710. ಇದರಲ್ಲಿ ಪ್ಲೈವುಡ್ ತುಂಡನ್ನು 72 ಗಂಟೆ ನೀರಿನಲ್ಲಿ ಕುದಿಸಿ, ಪದರಗಳು ಬಿಡುತ್ತವೆಯೇ ಎಂದು ನೋಡುತ್ತಾರೆ. ಈ ಪರೀಕ್ಷೆ ಹೇಳುವುದು ಅಂಟಿನ ಬಲವನ್ನು. ಹಾಳೆ ಸಮತಟ್ಟಾಗಿದೆ ಎಂಬ ಭರವಸೆ ಅದರಿಂದ ಸಿಗುವುದಿಲ್ಲ.

ತೇಗದ ಹಲಗೆಯೂ ಇದಕ್ಕೆ ಹೊರತಲ್ಲ. ಮಳೆಗಾಲದಲ್ಲಿ ಮನೆಯ ಬಾಗಿಲು ಬಿಗಿಯಾಗುವುದನ್ನು ನೋಡಿದ್ದೀರಲ್ಲ? ಮರ ಗಾಳಿಯ ತೇವ ಹೀರಿ ಅಗಲವಾಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ.

ಹಾಗಾದರೆ ಯಾವುದು ಒಳ್ಳೆಯದು?

ಎಂಡಿಎಫ್ ಹಲಗೆ, ಅದರ ಎರಡೂ ಬದಿಗೆ ಸನ್‌ಮೈಕಾ. ಎಂಡಿಎಫ್ ಎಂದರೆ ಮರದ ನಾರನ್ನು ಅಂಟಿನೊಂದಿಗೆ ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ. ಗಂಟಾಗಲಿ ಒಳಗಿನ ಟೊಳ್ಳಾಗಲಿ ಇಲ್ಲದ ಕಾರಣ ಮೇಲ್ಮೈ ಸಮವಾಗಿರುತ್ತದೆ. ಇದರ ಶತ್ರು ನೀರು. ಅಂಚು ಒಮ್ಮೆ ನೆನೆದು ಉಬ್ಬಿದರೆ ಮೊದಲಿನಂತಾಗುವುದಿಲ್ಲ. ಆದ್ದರಿಂದ ನಾಲ್ಕೂ ಅಂಚಿಗೆ, ಕೊರೆದ ರಂಧ್ರದ ಒಳಬದಿಗೂ ಪೇಂಟ್ ಅಥವಾ ವಾರ್ನಿಷ್ ಬಳಿಯಿರಿ.

ಸನ್‌ಮೈಕಾ ಎಂದು ನಾವು ಕರೆಯುವ ಲ್ಯಾಮಿನೇಟ್, ರಾಳದಲ್ಲಿ ಅದ್ದಿದ ಕಾಗದದ ಪದರಗಳನ್ನು ಬಿಸಿ ಮತ್ತು ಒತ್ತಡದಲ್ಲಿ ಸೇರಿಸಿದ ಹಾಳೆ. ಗಟ್ಟಿ, ಸುಲಭವಾಗಿ ಸವೆಯದು, ಮರ ಸಲೀಸಾಗಿ ಜಾರುತ್ತದೆ. ಒಂದೇ ಬದಿಗೆ ಅಂಟಿಸಿದರೆ ಇನ್ನೊಂದು ಬದಿ ಮಾತ್ರ ತೇವ ಹೀರಿ ಹಿಗ್ಗುತ್ತದೆ, ಹಲಗೆ ಬಾಗುತ್ತದೆ. ಕೆಳಬದಿಗೂ ಅಷ್ಟೇ ದಪ್ಪದ ಹಾಳೆ ಇದ್ದರೆ ಎರಡೂ ಕಡೆ ಸಮತೋಲನ ಇರುತ್ತದೆ.

ದಪ್ಪ ಎಷ್ಟಿರಬೇಕು?

ಅರ್ಧ ಇಂಚಿನ ಬಿಟ್ ಹಿಡಿಯುವ ದೊಡ್ಡ ರೂಟರ್ ಸುಮಾರು 5 ಕೆಜಿ ತೂಗುತ್ತದೆ. ಆ ಭಾರ ಸದಾ ಮೇಜಿನ ನಡುವೆ ನೇತಾಡುತ್ತಿರುತ್ತದೆ. 18 ಮಿ.ಮೀ. ಹಲಗೆಗಳೆರಡನ್ನು ಪೂರ್ತಿ ಅಂಟಿಸಿ 36 ಮಿ.ಮೀ. ಮಾಡಿದರೆ, ಬಾಗದಿರುವ ಶಕ್ತಿ ಒಂದು ಹಲಗೆಯ ಎಂಟು ಪಟ್ಟಾಗುತ್ತದೆ. ಅಂಟಿಸದೆ ಬರೀ ಒಂದರ ಮೇಲೊಂದು ಇಟ್ಟರೆ ಎರಡು ಪಟ್ಟು ಮಾತ್ರ.

ಗ್ರಾನೈಟ್ ಆಗದೇ?

ಅಡುಗೆಮನೆಯ ಕಟ್ಟೆಗೆ ಹಾಕಿ ಉಳಿದ ಗ್ರಾನೈಟ್ ತುಂಡು ಅನೇಕ ಮನೆಗಳಲ್ಲಿರುತ್ತದೆ. ಅದು ತೇವಕ್ಕೆ ಬಾಗುವುದಿಲ್ಲ, ನಿಜ. ಆದರೆ 18 ಮಿ.ಮೀ. ದಪ್ಪದ ಕಲ್ಲು ಚದರ ಮೀಟರಿಗೆ ಸುಮಾರು 48 ಕೆಜಿ ತೂಗುತ್ತದೆ. ನಡುವೆ ಚೌಕ ರಂಧ್ರ ಕೊರೆದರೆ ಅದರ ಮೂಲೆಯಿಂದ ಬಿರುಕು ಬಿಡುವ ಅಪಾಯವಿದೆ. ಸ್ಕ್ರೂ ಹಾಕುವುದೂ ಕಷ್ಟ.

ಮಾಡುವ ಮುನ್ನ ಗಮನಿಸಿ

• ಅಂಗಡಿಯಲ್ಲೇ ಸ್ಟೀಲ್ ಪಟ್ಟಿಯನ್ನು ಉದ್ದ, ಅಗಲ ಮತ್ತು ಮೂಲೆಯಿಂದ ಮೂಲೆಗೆ ಇಟ್ಟು ನೋಡಿ. ಅಡಿಯಲ್ಲಿ ಬೆಳಕು ಕಂಡರೆ ಆ ಹಲಗೆ ಬೇಡ.
• ಹಲಗೆಯನ್ನು ಗೋಡೆಗೆ ಒರಗಿಸಿಡಬೇಡಿ, ಮಲಗಿಸಿಡಿ.
• ಎಂಡಿಎಫ್ ಕತ್ತರಿಸುವಾಗ ಮಾಸ್ಕ್ ಧರಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ.
• ಬಿಟ್ ಬದಲಿಸುವ ಮುನ್ನ ಪ್ಲಗ್ ಕಿತ್ತುಹಾಕಿ.

ಆ ಸಲಹೆ ಮತ್ತೆ ನಿಮ್ಮ ಮೊಬೈಲಿಗೆ ಬಂದರೆ, ಮುಂದೆ ಕಳಿಸುವ ಮೊದಲು "ಕೆಳಬದಿಗೂ ಸನ್‌ಮೈಕಾ ಹಾಕಿ" ಎಂಬ ಒಂದು ಸಾಲು ಸೇರಿಸಿ.